‘ಒಪ್ಪಿಗೆ ಇತ್ತು’ ಎಂಬ ವಾದ ಕೋರ್ಟಿನಲ್ಲಿ ಎಲ್ಲಿಯವರೆಗೆ ನಿಲ್ಲುತ್ತದೆ?

ಪ್ರಶ್ನೆ: ಸರ್, ಇಬ್ಬರದೂ 2023ರಿಂದ 2025ರವರೆಗೆ ಸಂಬಂಧ. ಮದುವೆಯಾಗುವುದಾಗಿ ನಂಬಿಸಿ ವಂಚಿಸಿದ ಎಂದು ಆಕೆಯ ದೂರು. ಒಪ್ಪಿಗೆ ಇತ್ತು, ವಾಟ್ಸ್ಆ್ಯಪ್ ಮೆಸೇಜುಗಳಿವೆ ಎಂದು ಅವನ ವಾದ. ಅಷ್ಟು ಸಾಕೇ?

ಉತ್ತರ: ಮೆಸೇಜು ಆಮೇಲೆ. ಮೊದಲು ಆಕೆಯ ವಯಸ್ಸು ನೋಡಿ. 18 ತುಂಬುವ ಮುಂಚೆ ಒಂದೇ ಸಲ ನಡೆದಿದ್ದರೂ ಆ ಘಟನೆಗೆ ಒಪ್ಪಿಗೆಯ ಮಾತು ಬರುವುದೇ ಇಲ್ಲ, ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಬೀಳುತ್ತದೆ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ, ಆದರೂ ಎಲ್ಲರೂ ಅದನ್ನೇ ಹಿಡಿದು ಬರುತ್ತಾರೆ!

ಆಮೇಲೆ ತಾರೀಖು. 2024ರ ಜುಲೈ 1ಕ್ಕಿಂತ ಹಿಂದಿನದಕ್ಕೆ ಹಳೆಯ ದಂಡ ಸಂಹಿತೆ (ಐಪಿಸಿ), ಅಲ್ಲಿಂದಾಚೆಗೆ ಭಾರತೀಯ ನ್ಯಾಯ ಸಂಹಿತೆ. ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಸಂಪರ್ಕ ಮಾಡಿದರೆ, ಅದು ಅತ್ಯಾಚಾರವಾಗದಿದ್ದರೂ ಸಂಹಿತೆಯ 69ನೇ ಕಲಂನಲ್ಲಿ 10 ವರ್ಷದವರೆಗೆ ಶಿಕ್ಷೆಯಿದೆ. ಹಳೆಯ ಘಟನೆಗೆ ಈ ಕಲಂ ಹಾಕಲಾಗದು.

ಇನ್ನು ಒಪ್ಪಿಗೆ. ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರವನ್ನು ವ್ಯಾಖ್ಯಾನಿಸುವ 63ನೇ ಕಲಂನ ವಿವರಣೆಯಂತೆ, ಆ ನಿರ್ದಿಷ್ಟ ಕ್ರಿಯೆಗೆ ಆಕೆ ಮಾತಿನಲ್ಲೋ ಸನ್ನೆಯಲ್ಲೋ ಸ್ಪಷ್ಟವಾಗಿ, ಸ್ವಇಚ್ಛೆಯಿಂದ ಒಪ್ಪಿರಬೇಕು. ಪ್ರತಿಭಟಿಸಲಿಲ್ಲ ಎಂಬುದೊಂದರಿಂದಲೇ ಒಪ್ಪಿದಂತಾಗದು. ನಿನ್ನೆಯ ಒಪ್ಪಿಗೆ ಇಂದಿಗೆ ಸಲ್ಲದು.

ಮದುವೆಯ ಮಾತಿನ ಕೇಸಿನಲ್ಲಿ ನಿಜವಾದ ಜಗಳ ಬೇರೆ ಕಡೆ: ಮಾತು ಕೊಟ್ಟ ದಿನವೇ ಅದು ಸುಳ್ಳಾಗಿತ್ತೇ, ಇಲ್ಲ ಆಮೇಲೆ ಮುರಿಯಿತೇ? ಮೊದಲನೆಯದಾದರೆ ತಪ್ಪುಕಲ್ಪನೆಯಿಂದ ಕೊಟ್ಟ ಒಪ್ಪಿಗೆ, ಅದು ಒಪ್ಪಿಗೆಯೇ ಅಲ್ಲ. ಆ ಮಾತನ್ನು ನಂಬಿಯೇ ಆಕೆ ಒಪ್ಪಿದ್ದಳು ಎಂದೂ ತೋರಿಸಬೇಕು. ಕರ್ನಾಟಕದಿಂದ ಹೋದ ‘ಉದಯ್’ ಪ್ರಕರಣದಲ್ಲಿ (2003) ಜಾತಿ ಅಡ್ಡಿಯಾಗಬಹುದೆಂದು ಆಕೆಗೆ ಗೊತ್ತಿತ್ತು ಎಂಬುದನ್ನೂ ಗಮನಿಸಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಅದೇ, ಮೊದಲೇ ಮದುವೆಯಾಗಿದ್ದನ್ನು ಮುಚ್ಚಿಟ್ಟವನ ಸ್ಥಿತಿ ಬೇರೆ.

ಮರುಪ್ರಶ್ನೆ: ಒಪ್ಪಿಗೆ ಇರಲಿಲ್ಲವೆಂದು ಸಾಬೀತು ಮಾಡಬೇಕಾದ್ದು ಯಾರು, ಸರ್?

ಇನ್ನೊಬ್ಬ ವಕೀಲರು: ಸಾಮಾನ್ಯವಾಗಿ ಪ್ರಾಸಿಕ್ಯೂಷನ್. ಆದರೆ ಚಾರ್ಜ್‌ಶೀಟಿನಲ್ಲಿ ನ್ಯಾಯ ಸಂಹಿತೆಯ 64(2), ಅಂದರೆ ಗುರುತರ ಅತ್ಯಾಚಾರದ ಕಲಂ, ಇದೆಯೇ ನೋಡಿಕೊಳ್ಳಿ. ಪೊಲೀಸು, ಆಸ್ಪತ್ರೆ ಸಿಬ್ಬಂದಿ, ಹತ್ತಿರದ ಬಂಧು ಇವರ ಜೊತೆಗೆ ‘ಒಬ್ಬಳ ಮೇಲೇ ಪದೇ ಪದೇ’ ಎಂಬುದೂ ಅದರಲ್ಲಿದೆ. ವರ್ಷಗಟ್ಟಲೆಯ ಸಂಬಂಧದ ದೂರುಗಳು ಅಲ್ಲಿಗೇ ಬಂದು ಬೀಳುತ್ತವೆ. ಆಗ ಸಂಪರ್ಕ ಸಾಬೀತಾಗಿ, ‘ನಾನು ಒಪ್ಪಿರಲಿಲ್ಲ’ ಎಂದು ಆಕೆ ಸಾಕ್ಷಿ ನುಡಿದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ (ಹೊಸ ಸಾಕ್ಷ್ಯ ಕಾಯ್ದೆ) 120ನೇ ಕಲಂನಂತೆ ಒಪ್ಪಿಗೆ ಇರಲಿಲ್ಲವೆಂದೇ ಕೋರ್ಟ್ ಭಾವಿಸಬೇಕು. ಅದನ್ನು ಅಲುಗಾಡಿಸುವ ಹೊಣೆ ಆರೋಪಿಯದು. ಆಕೆಯ ನಡತೆ, ಹಿಂದಿನ ಸಂಬಂಧ ಎತ್ತಿಕೊಂಡು ಪಾಟಿ ಸವಾಲು ಮಾಡುವಂತಿಲ್ಲ.

ಮರುಪ್ರಶ್ನೆ: ಮೆಸೇಜುಗಳ ಸ್ಕ್ರೀನ್‌ಶಾಟ್ ಕೊಟ್ಟರೆ ಆಗದೇ?

ಉತ್ತರ: ಬರೀ ಸ್ಕ್ರೀನ್‌ಶಾಟ್ ಸಾಲದು. 63(4)ರ ಪ್ರಮಾಣಪತ್ರ ಬೇಕು: ‘ಎ’ ಭಾಗ ಹಾಜರುಪಡಿಸುವವರದು, ‘ಬಿ’ ಭಾಗ ತಜ್ಞರದು, ಜೊತೆಗೆ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲವೆಂದು ಪರೀಕ್ಷಿಸುವ ಸಂಕೇತ). (ಕಲಂ 63 ಎರಡೂ ಕಾಯ್ದೆಯಲ್ಲಿದೆ, ಇದು ಸಾಕ್ಷ್ಯ ಅಧಿನಿಯಮದ್ದು.) ಬೇಕಾದ ನಾಲ್ಕು ಸಾಲು ಉಳಿಸಿ ಮಿಕ್ಕ ಚಾಟ್ ಅಳಿಸಿದ್ದು ಗೊತ್ತಾದರೆ ಆ ನಾಲ್ಕು ಸಾಲಿಗೂ ಬೆಲೆ ಉಳಿಯುವುದಿಲ್ಲ. ಕೇಸು ವಾಪಸು ತಗೋ ಎಂದು ಆಕೆಗೆ ಈಗ ಮೆಸೇಜು ಹಾಕುವುದಂತೂ ಬೇಡವೇ ಬೇಡ, ಜಾಮೀನು ರದ್ದಾಗಲು ಅದೊಂದೇ ಸಾಕು.