ಮೂರು ಸೀಲು ಬಿದ್ದ ಅರ್ಜಿ

2025ರ ಸೆಪ್ಟೆಂಬರ್ 10, ಬುಧವಾರ. ನಮ್ಮ ‘ಮನೆ ಮಂದಿ’ ಗುಂಪಿಗೆ ಬೆಳಗ್ಗೆ ಏಳೂಮುಕ್ಕಾಲಿಗೆ ಚಿಕ್ಕಪ್ಪ ಒಂದು ಪಟ ಹಾಕಿದರು. ಆ ಹೊತ್ತಿಗೆ ಅವರಿಂದ ಬರುವುದು ಹೂವಿನ ಚಿತ್ರ, ಜೊತೆಗೆ ಒಂದು ಶುಭೋದಯ. ಅವತ್ತು ಬಂದದ್ದು ಹಳದಿ ಕೆಂಪಿನ ಪೋಸ್ಟರ್. ಮೇಲುಗಡೆ ‘ಅನೇಕ ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಗುರುತು.

“ಬೆಂಗಳೂರಿಗೆ ಇನ್ನು 5 ಪಾಲಿಕೆ, 5 ಮೇಯರ್! ಐವರೂ ಸೇರಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ನಡೆಸುತ್ತಾರೆ. ನಿಮ್ಮ ಬೀದಿಯ ಎಲ್ಲ ಸಮಸ್ಯೆಗೂ ಒಂದೇ ಕಡೆ ಉತ್ತರ. ತಪ್ಪದೆ ಎಲ್ಲರಿಗೂ ಕಳಿಸಿ.”

ಇದರ ಮೇಲೆ ರಾತ್ರಿಯವರೆಗೂ ನಡೆದ ಜಗಳವನ್ನು ಇಲ್ಲಿ ಇಳಿಸಿದ್ದೇನೆ. ಹೆಬ್ಬೆರಳಿನ ಚಿತ್ರ, ‘ಸೂಪರ್’, ಅಜ್ಜಿಯ ಕೈತಪ್ಪಿ ಬಂದ ಎರಡು ಖಾಲಿ ವಾಯ್ಸ್ ಮೆಸೇಜು ಬಿಟ್ಟಿದ್ದೇನೆ.

ಚಿಕ್ಕಪ್ಪ: ಸೆಪ್ಟೆಂಬರ್ 2ಕ್ಕೆ ಐದೂ ಪಾಲಿಕೆ ಶುರುವಾಗಿವೆ. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಅಕ್ಕ, ನಿನ್ನ ರಸ್ತೆ ಇನ್ನು ಸರಿಹೋಯಿತು ಅಂತಲೇ ತಿಳಿದುಕೋ.

ಅತ್ತೆ: ಯಾವ ರಸ್ತೆ? ಮನೆ ಮುಂದೆ ಇರುವುದು ಗುಂಡಿ. ಅದಕ್ಕೆ ರಸ್ತೆ ಅಂತ ಹೆಸರು, ಅಷ್ಟೇ.

ಭಾವ: ಚಿಕ್ಕ ಮಾವ, ಪಟದಲ್ಲಿ ಒಂದು ಸಾಲು ತಪ್ಪಿದೆ. ಪ್ರಾಧಿಕಾರ ಅಂದರೆ ಐದೂ ಪಾಲಿಕೆಯ ಮೇಲಿರುವ ಸಂಸ್ಥೆ. ಅದನ್ನು ನಡೆಸುವವರು ಮೇಯರ್‌ಗಳಲ್ಲ. ಅಧ್ಯಕ್ಷರು ಮುಖ್ಯಮಂತ್ರಿ. ಉಪಾಧ್ಯಕ್ಷರು ಬೆಂಗಳೂರು ಅಭಿವೃದ್ಧಿ ಸಚಿವರು. ಒಟ್ಟು 75 ಜನ. ಸಚಿವರು, ಸಂಸದರು, ಶಾಸಕರು, ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೊ ಇವುಗಳ ಮುಖ್ಯಸ್ಥರು, ಹೀಗೆ. ಮೇಯರ್‌ಗಳಿಗೂ ಐದು ಕುರ್ಚಿ ಇವೆ. ಐದೂ ಖಾಲಿ.

ಚಿಕ್ಕಪ್ಪ: ಖಾಲಿ ಯಾಕೆ?

ಭಾವ: ಚುನಾವಣೆಯೇ ಆಗಿಲ್ಲವಲ್ಲ. ಇವತ್ತಿನ ತಾರೀಖು ನೋಡಿ. ಐದಾಗುವ ಮೊದಲಿದ್ದ ಒಂದೇ ಪಾಲಿಕೆ ಬಿಬಿಎಂಪಿ. ಅದರ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಇವತ್ತಿಗೆ ಭರ್ತಿ ಐದು ವರ್ಷ. ಒಂದು ಕೌನ್ಸಿಲ್ ಹುಟ್ಟಿ, ಬೆಳೆದು, ಮುಗಿಯುವಷ್ಟು ಕಾಲ ಕೌನ್ಸಿಲ್ ಇಲ್ಲದೆ ಹೋಯಿತು.

ಭಾವ ವಕೀಲರು. ತಾರೀಖು ಅವರ ಚಟ. ಅಕ್ಕನ ಹುಟ್ಟುಹಬ್ಬ ಮಾತ್ರ ಮರೆಯುತ್ತಾರೆ.

ಅಷ್ಟರಲ್ಲಿ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ದೊಡ್ಡಪ್ಪ ತಾಲೂಕು ಪಂಚಾಯ್ತಿ ಕಚೇರಿಯಲ್ಲಿ ಇಡೀ ಸರ್ವಿಸು ಕಳೆದು ನಿವೃತ್ತರಾದವರು. ಒಂದೇ ಬೆರಳಲ್ಲಿ ಒತ್ತುತ್ತಾರೆ. ಆರು ನಿಮಿಷ ಎಲ್ಲರೂ ಕಾದೆವು.

ದೊಡ್ಡಪ್ಪ: ಅಳಿಯಂದಿರೇ, ಮುಖ್ಯಮಂತ್ರಿ ಕೂತರೆ ತಪ್ಪೇನು? ಸಭೆಗಳಿಗೆ ಕುರ್ಚಿ ಹಾಕಿಸಿದವನು ನಾನು. ಅಧ್ಯಕ್ಷ ಸಣ್ಣವನಾದರೆ ಬೇರೆ ಇಲಾಖೆಯ ಸಾಹೇಬರು ಬರುವುದಿಲ್ಲ. ಕೆಳಗಿನವನನ್ನು ಕಳಿಸುತ್ತಾರೆ. ಅವನು ‘ತಿಳಿಸ್ತೀನಿ ಸಾರ್’ ಅಂತ ಬರೆದುಕೊಂಡು ಹೋಗುತ್ತಾನೆ. ಮುಂದಿನ ಸಭೆಗೆ ಇನ್ನೊಬ್ಬ. ಹಿಂದಿನದು ಅವನಿಗೆ ಗೊತ್ತಿಲ್ಲ, ಅವನೂ ಬರೆದುಕೊಳ್ಳುತ್ತಾನೆ. ನೀರು ಒಬ್ಬರದು, ಕರೆಂಟು ಒಬ್ಬರದು, ಬಸ್ಸು ಇನ್ನೊಬ್ಬರದು. ಇವರನ್ನೆಲ್ಲ ಒಂದೇ ಮೇಜಿಗೆ ಎಳೆದು ತರುವ ತಾಕತ್ತು ಮೇಯರ್‌ಗೆ ಎಲ್ಲಿತ್ತು? ಅದೂ ಒಂದು ವರ್ಷದ ಮೇಯರ್. ಸನ್ಮಾನದ ಶಾಲು ಮಡಿಸಿಡುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು.

ಚಿಕ್ಕಪ್ಪ: ಅಣ್ಣ ಹೇಳಿದ್ದೇ ಸರಿ.

ಭಾವ: ದೊಡ್ಡ ಮಾವ, ಕರೆಸುವ ತಾಕತ್ತಿನ ಮಾತು ಒಪ್ಪಿದೆ. ಪ್ರಶ್ನೆ ಕೇಳುವ ತಾಕತ್ತು ಯಾರಿಗೆ? ಮುಖ್ಯಮಂತ್ರಿ ನೋಡಬೇಕಾದದ್ದು ಬೀದರಿನಿಂದ ಚಾಮರಾಜನಗರದವರೆಗೆ. ಬೆಂಗಳೂರಿನ ಮೋರಿ ಕಟ್ಟಿಕೊಂಡಿತು ಅಂತ ಅವರನ್ನು ಯಾರೂ ಸೋಲಿಸುವುದಿಲ್ಲ. ಮೋರಿ ಹರಿಯಿತು ಅಂತ ಗೆಲ್ಲಿಸುವುದೂ ಇಲ್ಲ.

ಭಾವ: ಇದು ಹೊಸ ಕಾಯಿಲೆಯೂ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಯಾಯಿತು. ಅದರ 243-ಝಡ್‌ಇ ವಿಧಿ ಓದಿ. ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರ ಮಹಾನಗರ ಪ್ರದೇಶಕ್ಕೆ ಒಂದು ಯೋಜನಾ ಸಮಿತಿ ಇರಲೇಬೇಕು. ಸದಸ್ಯರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇಲ್ಲದಂತೆ ಕೆಳಗಿನಿಂದ ಬರಬೇಕು. ಪಾಲಿಕೆ ಸದಸ್ಯರು, ಪಂಚಾಯ್ತಿ ಅಧ್ಯಕ್ಷರು ತಮ್ಮೊಳಗೇ ಆರಿಸಿ ಕಳಿಸಬೇಕು. ಬೆಂಗಳೂರಿಗೆ ಅದು ಬಂದದ್ದು 2014ರಲ್ಲಿ. ಅಲ್ಲೂ ಅಧ್ಯಕ್ಷರು ಮುಖ್ಯಮಂತ್ರಿಯೇ. 2020 ಆದ ಮೇಲೆ ಪಾಲಿಕೆಯಲ್ಲೇ ಸದಸ್ಯರಿಲ್ಲ. ಯಾರು ಯಾರನ್ನು ಆರಿಸಬೇಕು?

ದೊಡ್ಡಪ್ಪ: ಯೋಜನಾ ಸಮಿತಿ ಬೇರೆ, ಪ್ರಾಧಿಕಾರ ಬೇರೆ. ಬೆರೆಸಬೇಡಿ.

ಭಾವ: ಬೇರೆಯೇ. ಆದರೆ ಕೂರಿಸುವ ರೀತಿ ನೋಡಿ. ಅಲ್ಲಿ ಮೂರರಲ್ಲಿ ಎರಡು ಇರಬೇಕಿತ್ತು. ಇಲ್ಲಿ ಮೇಯರ್‌ಗಳು ಹದಿನೈದರಲ್ಲಿ ಒಂದು.

ಅಕ್ಕ: ರೀ, ಕೋರ್ಟಿಗೆ ಹೊತ್ತಾಯಿತು. ಡಬ್ಬಿ ಮೇಜಿನ ಮೇಲಿದೆ. ಒಂದೇ ಮನೆಯಲ್ಲಿದ್ದು ಇದನ್ನು ಗುಂಪಿನಲ್ಲಿ ಹೇಳಬೇಕಾಗಿದೆ ನೋಡಿ.

ಇಲ್ಲಿಗೆ ಅರ್ಧ ದಿನ ತಣ್ಣಗಾಯಿತು. ಮಧ್ಯಾಹ್ನ ಮತ್ತೆ ಕಿಡಿ ಹಾಕಿದ್ದು ಅತ್ತೆ. ಅವರು ಕಳಿಸಿದ್ದು ತಮ್ಮ ಅರ್ಜಿಯ ಫೋಟೊ.

ಫೋಟೊ ಹೇಳಲೇಬೇಕು. ರೂಲು ಹಾಕಿದ ಹಾಳೆ, ನಾಲ್ಕು ಮಡಿಕೆ. ಅತ್ತೆಯ ದುಂಡು ಅಕ್ಷರ. ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ತಿಂಗಳೊಳಗೆ ಪೈಪಿಗಾಗಿ ಅಗೆದರು, ಮಣ್ಣು ಮುಚ್ಚಿ ಹೋದರು, ಮಳೆಗೆ ಕುಸಿಯಿತು ಅಂತ ಎಂಟು ಸಾಲು. ಎಡಗಡೆ ಖಾಲಿ ಜಾಗದಲ್ಲಿ ಒಂದರ ಕೆಳಗೊಂದು ಮೂರು ಸೀಲು. ಮೊದಲ ಸೀಲಿನ ಕೆಳಗೆ ಷರಾ: ‘ಸದರಿ ಅಗೆತ ಈ ಕಚೇರಿಗೆ ಸಂಬಂಧಿಸಿರುವುದಿಲ್ಲ.’ ಎರಡನೆಯದರ ಕೆಳಗೆ: ‘ಪೈಪ್ ಕಾಮಗಾರಿ ಮುಗಿದಿದೆ. ರಸ್ತೆ ದುರಸ್ತಿ ಸಂಬಂಧಪಟ್ಟವರಿಂದ.’ ಮೂರನೆಯದಕ್ಕೆ ಷರಾ ಕೂಡ ಇಲ್ಲ. ಬರೀ ತಾರೀಖು.

ದೊಡ್ಡಪ್ಪ: ಹಿಗ್ಗಿಸಿ ನೋಡಿದೆ. ಎರಡನೆಯದು ಹಸಿರು ಶಾಯಿ. ದೊಡ್ಡ ಸಾಹೇಬರೇ ಬರೆದಿದ್ದಾರೆ. ‘ಸಂಬಂಧಪಟ್ಟವರು’ ಅಂತ ಬರೆದರೆ ಫೈಲು ನನ್ನ ಮೇಜಿನಿಂದ ಹೋಗಲಿ ಅಂತ ಅರ್ಥ. ಸುಳ್ಳು ಯಾಕೆ, ನಾನೂ ಬರೆದಿದ್ದೇನೆ.

ಅತ್ತೆ: 2007ರಲ್ಲಿ 110 ಹಳ್ಳಿ ಸೇರಿಸಿಕೊಂಡು ಬಿಬಿಎಂಪಿ ಮಾಡಿದರಲ್ಲ, ಅದರಲ್ಲಿ ನಮ್ಮದೂ ಒಂದು. ಆಗಲೂ ಹೀಗೇ ಅಂದಿದ್ದರು, ಎಲ್ಲ ಒಂದೇ ಕಡೆ ಅಂತ. ಅದಕ್ಕೆ ಮೊದಲು ಪಂಚಾಯ್ತಿ ಇದ್ದಾಗ ಸೆಕ್ರೆಟರಿ ಮನೆ ಗೊತ್ತಿತ್ತು. ಬಾಗಿಲಿಗೆ ಹೋಗಿ ಬೈದು ಬರುತ್ತಿದ್ದೆ. ಈಗ ಬೈಯಲೂ ಯಾರೂ ಸಿಗುವುದಿಲ್ಲ.

ಚಿಕ್ಕಪ್ಪ: ಅದಕ್ಕೇ ಅಲ್ವಾ ಐದು ಮಾಡಿದ್ದು? ಕಚೇರಿ ಹತ್ತಿರ ಬರುತ್ತದೆ.

ಅತ್ತೆ: ಪೈಪ್ ಹಾಕಿದವರು ಐದರಲ್ಲಿ ಯಾವುದಕ್ಕೂ ಸೇರಿಲ್ಲವಲ್ಲ ಮಾರಾಯ.

ಸತ್ಯ ಹೇಳಬೇಕೆಂದರೆ ಇಡೀ ದಿನದ ಚರ್ಚೆಯಲ್ಲಿ ನನಗೆ ಅತ್ತೆಯ ಈ ಒಂದು ಸಾಲೇ ಸಾಕಾಗಿತ್ತು. ಪಾಲಿಕೆ ಐದಾಗಲಿ ಹತ್ತಾಗಲಿ, ರಸ್ತೆ ಹಾಕುವವರು ಒಂದು ಬಾಗಿಲಿಗೆ, ಅಗೆಯುವವರು ಇನ್ನೊಂದು ಬಾಗಿಲಿಗೆ. ಇಬ್ಬರೂ ಒಟ್ಟಿಗೆ ಕೂರುವ ಜಾಗ ಪ್ರಾಧಿಕಾರ ಒಂದೇ. ಹಾಗಾಗಿ ಅಲ್ಲಿ ಏನು ಮಾತಾಯಿತು, ಯಾರು ಏನು ಒಪ್ಪಿಕೊಂಡರು ಅನ್ನುವುದು ಹೊರಗೆ ಬರಬೇಕು. ಇಷ್ಟನ್ನೇ ಬರೆದು ಹಾಕಿದೆ. ಉತ್ತರ ಕೊಟ್ಟವಳು ಚಿಕ್ಕಪ್ಪನ ಮಗಳು ಪುಟ್ಟಿ.

ಪುಟ್ಟಿ: ಅದಕ್ಕೆ ಕಾನೂನೇ ಇದೆಯಲ್ಲ. ಮಾಹಿತಿ ಹಕ್ಕು ಕಾಯ್ದೆ 2005, ಕಲಂ 4. ಯಾರೂ ಕೇಳದಿದ್ದರೂ ಕಚೇರಿಯವರೇ ಪ್ರಕಟಿಸಬೇಕಾದ ಪಟ್ಟಿ. ಯಾವ ಯಾವ ಸಮಿತಿ ಇವೆ, ಸಭೆಗೆ ಜನ ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಲ್ಲ ಹೇಳಬೇಕು. ಮೊನ್ನೆ ತಾನೇ ಪರೀಕ್ಷೆಗೆ ಓದಿದ್ದೇನೆ.

ಭಾವ: ಚೆನ್ನಾಗಿ ಓದಿದ್ದೀಯ. ಆದರೆ ಅಲ್ಲೊಂದು ಕಿಂಡಿ ಇದೆ. ಸಿಗುತ್ತದೆಯೋ ಇಲ್ಲವೋ ಅಂತ ತಿಳಿಸಬೇಕು, ಅಷ್ಟೇ. ‘ಸಿಗುವುದಿಲ್ಲ’ ಅಂತ ಬರೆದರೂ ಆ ಸಾಲು ಪಾಲಿಸಿದಂತೆಯೇ. ಆಮೇಲೆ ಬೇರೆ ಅರ್ಜಿ ಹಾಕು, 30 ದಿನ ಕಾಯಿ. ಅಷ್ಟರಲ್ಲಿ ಅತ್ತೆಯ ಗುಂಡಿಯಲ್ಲಿ ಮೀನು ಸಾಕಬಹುದು.

ಅತ್ತೆ: ಕಪ್ಪೆ ಆಗಲೇ ಬಂದಿವೆ.

ಸಂಜೆ ದೊಡ್ಡಪ್ಪ ಮತ್ತೆ ಬಂದರು. ಈ ಸಲ ವಾಯ್ಸ್ ಮೆಸೇಜು, ನಾಲ್ಕು ನಿಮಿಷದ್ದು. ಕೇಳಿ ಬರೆದುಕೊಂಡದ್ದು ಇದು.

ದೊಡ್ಡಪ್ಪ: ತಂಗಿ ಪಂಚಾಯ್ತಿ ಅಂದಳಲ್ಲ, ಅದರ ಮೇಲೆ ನೆನಪಾಯಿತು. ಗ್ರಾಮ ಪಂಚಾಯ್ತಿಗೆ ವರ್ಷಕ್ಕೊಮ್ಮೆ ಜಮಾಬಂದಿ ಅಂತ ಇದೆ. ಮೇಲಿನ ಕಚೇರಿಯಿಂದ ತಂಡ ಬರುತ್ತದೆ. ಜನರ ಎದುರಿಗೇ ಲೆಕ್ಕ ಓದಬೇಕು. ಆಮೇಲೆ ಕಾಮಗಾರಿ ಇರುವ ಜಾಗಕ್ಕೆ ಹೋಗಿ ನೋಡಬೇಕು. ನಾನು ಹೋಗಿದ್ದ ಒಂದು ಊರಿನಲ್ಲಿ ಒಬ್ಬ ಹೆಂಗಸು ಹಗ್ಗ ತಂದಿದ್ದಳು. ಎಮ್ಮೆ ಕಟ್ಟುವ ಹಗ್ಗ, ಮಾರಿಗೊಂದು ಗಂಟು. ನಾವು ಚರಂಡಿ ಹತ್ತಿರ ಹೋದಾಗ ಹಗ್ಗ ಹಾಸಿ ಅಳೆದಳು. ಅಳತೆ ಪುಸ್ತಕದಲ್ಲಿ 60 ಮೀಟರ್. ಚರಂಡಿ 41 ಮೀಟರಿಗೇ ಮುಗಿಯಿತು. ಎಂಜಿನಿಯರ್ ಮುಖ ನೋಡಬೇಕಿತ್ತು. ಅವಳು ಕಾನೂನು ಓದಿದವಳಲ್ಲ. ಲೆಕ್ಕ ಓದುವ ದಿನ ಗೊತ್ತಿತ್ತು, ಜಾಗ ಗೊತ್ತಿತ್ತು. ಒಂದು ಸಣ್ಣ ಪಂಚಾಯ್ತಿ ಇಷ್ಟು ಮಾಡಬೇಕು ಅಂತಾದರೆ ಮುಖ್ಯಮಂತ್ರಿ ಕೂತ ಸಭೆಗೆ ಯಾಕೆ ಬೇಡ?

ಬೆಳಗ್ಗೆ ‘ಮುಖ್ಯಮಂತ್ರಿ ಕೂತರೆ ತಪ್ಪೇನು’ ಅಂದವರೂ ಇವರೇ. ಯಾರೂ ನೆನಪಿಸಲಿಲ್ಲ. ಮನೆಯ ಹಿರಿಯರಿಗೆ ಇಷ್ಟಾದರೂ ಮರ್ಯಾದೆ ಕೊಡಬೇಕು.

ಚಿಕ್ಕಪ್ಪ: ಅಣ್ಣ, ಇಷ್ಟು ದೊಡ್ಡ ಊರಿಗೆ ಜಮಾಬಂದಿಯೇ? ಕಂಠೀರವ ಸ್ಟೇಡಿಯಂ ಸಾಲುವುದಿಲ್ಲ.

ಪುಟ್ಟಿ: ಅಪ್ಪಾ, ವಾರ್ಡ್ ವಾರ್ಡಿಗೆ ಮಾಡಬಹುದು. ವಾರ್ಡ್ ಸಮಿತಿ ಇರುವುದೇ ಅದಕ್ಕೆ.

ಅತ್ತೆ: ನಮ್ಮ ವಾರ್ಡ್ ಸಮಿತಿಗೆ ನಾನು ಮೂರು ಸಲ ಹೋಗಿದ್ದೇನೆ. ಕಾರ್ಪೊರೇಟರ್ ಇಲ್ಲವಲ್ಲ, ನೋಡಲ್ ಅಧಿಕಾರಿ ಬರುತ್ತಿದ್ದರು. ಪಾಪ, ಒಳ್ಳೆಯವರು, ಎಲ್ಲ ಬರೆದುಕೊಳ್ಳುತ್ತಿದ್ದರು. ಪೈಪಿನವರು ಒಂದು ಸಲವೂ ಬರಲಿಲ್ಲ. ಅವರನ್ನು ಕರೆಯುವ ಅಧಿಕಾರ ತಮಗಿಲ್ಲ ಅಂತ ಇವರೇ ಹೇಳಿದರು.

ದೊಡ್ಡಪ್ಪ: ಅದಕ್ಕೇ ಹೇಳುವುದು, ಕರೆಯುವ ಅಧಿಕಾರ ಮೇಲೆ ಇರಲಿ, ಲೆಕ್ಕ ಒಪ್ಪಿಸುವುದು ಕೆಳಗೆ ಆಗಲಿ. ಪ್ರಾಧಿಕಾರದ ನಡಾವಳಿಯಲ್ಲಿ ಪ್ರತಿ ಠರಾವಿನ ಎದುರಿಗೆ ಒಬ್ಬ ಅಧಿಕಾರಿಯ ಹುದ್ದೆ, ಒಂದು ತಾರೀಖು. ‘ಸಂಬಂಧಪಟ್ಟವರು’ ಅನ್ನುವ ಪದವನ್ನೇ ತೆಗೆದುಹಾಕಿ. ಮುಂದಿನ ಸಭೆಯಲ್ಲಿ ಮೊದಲು ಹಿಂದಿನ ಠರಾವು ಏನಾಯಿತು ಅನ್ನುವ ಅನುಪಾಲನಾ ವರದಿ, ಆಮೇಲೆ ಹೊಸ ವಿಷಯ, ಆಮೇಲೆ ಕಾಫಿ.

ಭಾವ: ಪಾಲಿಸದಿದ್ದರೆ?

ದೊಡ್ಡಪ್ಪ: ಅಧ್ಯಕ್ಷರು ಕೇಳುತ್ತಾರೆ.

ಭಾವ: ಅಧ್ಯಕ್ಷರು ಕೇಳದಿದ್ದರೆ? ಬೆಳಗ್ಗೆ ಬಿಟ್ಟ ಜಾಗಕ್ಕೇ ಬಂದೆವು ಮಾವ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಜ್ಜಿ ಒಂದು ಖಾಲಿ ವಾಯ್ಸ್ ಮೆಸೇಜು ಕಳಿಸಿದರು.

ದೊಡ್ಡಪ್ಪ: ವಿಧಾನಸೌಧದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವ ರೂಢಿ ಇದೆ, ಅಲ್ವಾ? ಹಾಗೆ ಮಾಡಿ. ಸಭೆ ಮುಖ್ಯಮಂತ್ರಿ ನಡೆಸಲಿ. ಸಭೆಯ ಲೆಕ್ಕ ನೋಡುವ ಸಮಿತಿಯಲ್ಲಿ ಐದು ಪಾಲಿಕೆಯ ಸದಸ್ಯರು ಮಾತ್ರ ಇರಲಿ. ಮಂತ್ರಿ ಬೇಡ, ಶಾಸಕರೂ ಬೇಡ. ಅಧ್ಯಕ್ಷಗಿರಿ ಎದುರು ಪಕ್ಷದವರಿಗೆ. ಖರ್ಚು ಮಾಡಿದವನೇ ಆಡಿಟ್ ಮಾಡಬಾರದು, ಇದು ನನ್ನ ಸರ್ವಿಸಿನಲ್ಲಿ ಕಲಿತದ್ದು.

ಭಾವ: ಇದು ಒಪ್ಪುವ ಮಾತು. ಅದಕ್ಕೆ ಮೊದಲು ಸದಸ್ಯರು ಬೇಕು. ಚುನಾವಣೆ ಆಗದೆ ನಿಮ್ಮ ಸಮಿತಿಯ ಕುರ್ಚಿಯೂ ಖಾಲಿ.

ಚಿಕ್ಕಪ್ಪ: ಹಾಗಾದರೆ ನಾನು ಕಳಿಸಿದ ಪಟದಲ್ಲಿ ಸರಿ ಇರುವುದು ಯಾವುದು?

ಪುಟ್ಟಿ: 5 ಪಾಲಿಕೆ.

ಚಿಕ್ಕಪ್ಪ ಪಟ ಅಳಿಸಿದರು. ಅಷ್ಟರೊಳಗೆ ಇನ್ನೂ ಮೂರು ಗುಂಪಿಗೆ ಕಳಿಸಿದ್ದರಂತೆ. ಅದನ್ನು ನನಗೆ ಬೇರೆಯಾಗಿ ಫೋನ್ ಮಾಡಿ ಹೇಳಿದರು.

ರಾತ್ರಿ ಎಂಟೂವರೆಗೆ ದೊಡ್ಡಪ್ಪ ಅತ್ತೆಗಾಗಿ ಹೊಸ ಅರ್ಜಿಯ ಕರಡು ಬರೆದು ಫೋಟೊ ಹಾಕಿದರು. ಹಳೆ ಕಚೇರಿ ಭಾಷೆ, ಸೊಗಸಾದ ಅಕ್ಷರ. ಹಳೆಯ ಮೂರು ಸೀಲುಗಳ ತಾರೀಖು ಸಾಲಾಗಿ ಕೊಟ್ಟು, ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು: ಈ ವಿಷಯವನ್ನು ಎರಡೂ ಕಡೆಯವರು ಕೂತ ಯಾವ ಸಭೆಯಲ್ಲಿ, ಯಾವ ವಿಷಯ ಸಂಖ್ಯೆಯಡಿ ಇಡಲಾಗುವುದು?

ಅತ್ತೆ: ತುಂಬಾ ಚೆನ್ನಾಗಿದೆ ಅಣ್ಣ. ಆದರೆ ಮೇಲೆ ‘ಗೆ’ ಅಂತ ಹಾಕಿ ಕೆಳಗೆ ಖಾಲಿ ಬಿಟ್ಟಿದ್ದೀಯ. ಯಾರಿಗೆ ಅಂತ ಬರೆಯಲಿ?

‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಒಂಬತ್ತೂವರೆಗೆ ಭಾವ ಐದು ಕಚೇರಿಗಳ ವಿಳಾಸ ಹಾಕಿದರು. ಅತ್ತೆ ಬೆಳಗ್ಗೆ ಐದು ಜೆರಾಕ್ಸ್ ತೆಗೆಸುತ್ತೇನೆ ಅಂದರು.