ಬೇಸ್‌ಬಾಲ್ ‘ಪಿಚರ್’ ಬಗ್ಗೆ ಬರೆಯಲು ಕೆಲವು ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಸ್ಯಾಂಡಿ ಕೋಫ್ಯಾಕ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರಿಗೆ ಕ್ರಿಕೆಟ್ ಚೆನ್ನಾಗಿ ಗೊತ್ತು, ಬೇಸ್‌ಬಾಲ್ ಅಷ್ಟಕ್ಕಷ್ಟೆ. ಪೂರ್ತಿ ಹೊಸದಾದ ಪದಗಳಿಗಿಂತ, ನಮ್ಮಲ್ಲಿ ಆಗಲೇ ಬೇರೆ ಅರ್ಥದಲ್ಲಿ ಓಡಾಡುತ್ತಿರುವ ಪದಗಳೇ ಜಾಸ್ತಿ ಕಾಟ ಕೊಡುತ್ತಿವೆ. ನಿಮ್ಮ ಸಲಹೆ ಬೇಕು.

ಮೊದಲು ‘ಪಿಚರ್’. ಅಂದರೆ ಚೆಂಡು ಎಸೆಯುವವನು. ನಮಗೋ ಪಿಚ್ಚರ್ ಅಂದರೆ ಸಿನಿಮಾ. ‘ಪಿಚ್’ ಅಂದರೆ ಎರಡು ವಿಕೆಟ್‌ಗಳ ನಡುವಿನ ನೆಲ. ‘ಚೆಂಡನ್ನು ಪಿಚ್ ಮಾಡಿದರು’ ಅಂತ ಬರೆದರೆ ಚೆಂಡು ನೆಲಕ್ಕೆ ಬಿತ್ತು ಅಂತಲೇ ಓದುತ್ತಾರೆ. ಇಲ್ಲಿ ಚೆಂಡು ನೆಲ ಮುಟ್ಟದೆ ಹೋಗಬೇಕು. ‘ಬೌಲರ್’ ಅನ್ನೋಣ ಅಂದರೆ ಅದೂ ಕೂರುವುದಿಲ್ಲ. ಕ್ರಿಕೆಟ್‌ನಲ್ಲಿ ಮಡಚಿದ ಮೊಣಕೈಯನ್ನು ಚಾಚಿ ಎಸೆದರೆ ತಪ್ಪು, ಇಲ್ಲಿ ಹಾಗೆ ಎಸೆಯುವುದೇ ಆಟ. ಕೋಫ್ಯಾಕ್ಸ್ ಆಟ ಬಿಡಬೇಕಾಗಿ ಬಂದಿದ್ದೇ ಮೊಣಕೈಯಿಂದ, ಹಾಗಾಗಿ ಈ ವ್ಯತ್ಯಾಸ ಮುಚ್ಚಿಹೋಗಬಾರದು. ಪತ್ರಿಕೆಗಳಲ್ಲಿ ‘ಎಸೆತ’ ಆಗಲೇ ಬಳಕೆಯಲ್ಲಿದೆ. ಅದರಿಂದ ‘ಎಸೆತಗಾರ’ ಅಂತ ಇಟ್ಟುಕೊಂಡಿದ್ದೇನೆ. ‘ಪಿಚರ್’ ಒಮ್ಮೆ ಬಂದು ಹೋದರೆ ಸಾಕು.

ಅವರು ನಿಂತು ಎಸೆಯುವ ಜಾಗಕ್ಕೆ ‘ದಿಣ್ಣೆ’ ಅಂದೆ. ಇದರಲ್ಲಿ ಯಾರದೂ ತಕರಾರು ಇರಲಾರದು. ಮಣ್ಣು ಹಾಕಿ ಏರಿಸಿದ ಸಣ್ಣ ದಿಣ್ಣೆಯೇ ಅದು. ಅಲ್ಲಿಂದ ಬ್ಯಾಟ್ ಹಿಡಿದವನ ಹತ್ತಿರದ ಬೇಸ್‌ಗೆ (ರನ್ನಿಗಾಗಿ ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಕೊನೆಯದು) 60 ಅಡಿ 6 ಅಂಗುಲ. ಕೋಫ್ಯಾಕ್ಸ್ ಕಾಲದಲ್ಲಿ ದಿಣ್ಣೆಯ ಎತ್ತರ 15 ಅಂಗುಲ ಇತ್ತು. ಆಟದಲ್ಲಿ ಎಸೆತಗಾರರ ಮೇಲುಗೈ ತೀರಾ ಜಾಸ್ತಿಯಾಯಿತು ಅಂತ 1969ರಲ್ಲಿ ಅದನ್ನು 10 ಅಂಗುಲಕ್ಕೆ ಇಳಿಸಿದರು.

ಮುಂದಿನದು ‘ವೈಲ್ಡ್’. ಕೋಫ್ಯಾಕ್ಸ್ 1955ರಲ್ಲಿ, 19ನೇ ವಯಸ್ಸಿಗೆ, ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಲು ಶುರು ಮಾಡಿದರು. ತಂಡ 1958ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು, ಇವರೂ ಹೋದರು. ಮೊದಲ ಆರು ವರ್ಷದ ಲೆಕ್ಕ 36 ಗೆಲುವು, 40 ಸೋಲು (ಅಲ್ಲಿ ಪಂದ್ಯದ ಗೆಲುವು ಸೋಲನ್ನು ಎಸೆತಗಾರನ ಹೆಸರಿಗೂ ಬರೆಯುತ್ತಾರೆ). ವೇಗ ಬೇಕಾದಷ್ಟಿತ್ತು, ಹಿಡಿತ ಇರಲಿಲ್ಲ. ಇಂಥವರನ್ನು ಅಲ್ಲಿ ‘ವೈಲ್ಡ್’ ಅನ್ನುತ್ತಾರೆ. ಕಾಡು, ಒರಟು ಎಂಬುದೆಲ್ಲ ಇಲ್ಲಿಗೆ ಸಲ್ಲದು. ಕೋಫ್ಯಾಕ್ಸ್ ಒರಟರೇ ಅಲ್ಲ. ‘ಅಡ್ಡಾದಿಡ್ಡಿ ಎಸೆತ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. 1961ರ ಅಭ್ಯಾಸದ ದಿನಗಳಲ್ಲಿ ನಾರ್ಮ್ ಶೆರಿ ಎಂಬ ಕ್ಯಾಚರ್ (ಬ್ಯಾಟ್ ಹಿಡಿದವನ ಹಿಂದೆ ಕೂತು ಎಸೆತ ಹಿಡಿಯುವವನು), ಅಷ್ಟು ಜೋರಾಗಿ ಎಸೆಯಬೇಡ, ಸ್ವಲ್ಪ ಸಡಿಲ ಬಿಡು ಎಂಬ ಅರ್ಥದ ಮಾತು ಹೇಳಿದರು. ಆ ವರ್ಷ 18 ಪಂದ್ಯ ಗೆದ್ದರು.

‘ಬಾಲ್’ ಇನ್ನೂ ತಮಾಷೆ. ಬೇಸ್‌ಬಾಲಿನಲ್ಲಿ, ಗುರಿಯ ಚೌಕಟ್ಟಿನಿಂದ ಹೊರಗೆ ಹೋಗಿ, ಆಟಗಾರ ಬ್ಯಾಟ್ ಬೀಸದೆ ಬಿಟ್ಟ ಎಸೆತಕ್ಕೆ ಮಾತ್ರ ‘ಬಾಲ್’ ಅಂತ ಹೆಸರು. ಅಂಥವು ನಾಲ್ಕಾದರೆ ಅವನು ಮೊದಲ ಬೇಸ್‌ಗೆ ಸುಮ್ನೆ ನಡೆದುಕೊಂಡು ಹೋಗಬಹುದು. ‘ನಾಲ್ಕು ಬಾಲ್’ ಅಂತ ಬರೆದರೆ ನಮ್ಮವರು ನಾಲ್ಕು ಎಸೆತ ಅಂದುಕೊಳ್ಳುತ್ತಾರೆ. ‘ಹೊರ ಎಸೆತ’ ಅಂದರೆ ಹೇಗೆ? ಹಾಗೆ ಸಿಗುವ ಬೇಸ್‌ಗೆ ‘ಬಿಟ್ಟಿ ಬೇಸ್’ ಅನ್ನುವ ಆಸೆ ನನಗೆ. ಲೇಖನಕ್ಕೆ ತೀರಾ ಹಗುರವಾಯಿತೇ, ಹೇಳಿ.

‘ಸ್ಟ್ರೈಕ್’ ಅಂದರೆ ನಮಗೆ ಮುಷ್ಕರ. ಅಲ್ಲಿ ಬ್ಯಾಟ್ ಬೀಸಿಯೂ ತಪ್ಪಿದ, ಇಲ್ಲವೇ ಚೌಕಟ್ಟಿನೊಳಗೆ ಬಂದರೂ ಬೀಸದೆ ಬಿಟ್ಟ ಎಸೆತ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟ್ ಹಿಡಿದವನು ಔಟ್. 1965ರಲ್ಲಿ ಕೋಫ್ಯಾಕ್ಸ್ ಹೀಗೆ 382 ಸಲ ಔಟ್ ಮಾಡಿದರು. ‘ಸ್ಟ್ರೈಕೌಟ್’ ಅಂತ ಒಂದೇ ಪದವಾಗಿ ಬರೆದರೆ ಗೊಂದಲ ಕಡಿಮೆ ಅನಿಸುತ್ತದೆ. ಯಾಕೆಂದರೆ ಮುಂದಿನ ವರ್ಷ ನಿಜಕ್ಕೂ ಮುಷ್ಕರದಂಥದ್ದೇ ಒಂದು ನಡೆಯಿತು. ಕೋಫ್ಯಾಕ್ಸ್ ಮತ್ತು ಅದೇ ತಂಡದ ಎಸೆತಗಾರ ಡಾನ್ ಡ್ರೈಸ್‌ಡೇಲ್ ಜೊತೆಗೂಡಿ, ಇಬ್ಬರಿಗೂ ಸೇರಿ ಮೂರು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟರಷ್ಟೇ ಆಡುತ್ತೇವೆ ಅಂತ ಕೂತರು. ಬೇರೆ ತಂಡಕ್ಕೆ ಹೋಗುವ ಹಕ್ಕು ಆಗ ಆಟಗಾರರಿಗೆ ಇರಲಿಲ್ಲ. ಇವರ ಕೈಲಿದ್ದದ್ದು ಆಡದೇ ಇರುವುದೊಂದೇ. ಕೊನೆಗೆ ಆ ವರ್ಷಕ್ಕೆ ಕೋಫ್ಯಾಕ್ಸ್‌ಗೆ 1,25,000, ಡ್ರೈಸ್‌ಡೇಲ್‌ಗೆ 1,10,000 ಡಾಲರ್ ಸಿಕ್ಕಿತು. ಇದಕ್ಕೆ ‘ಪಟ್ಟು ಹಿಡಿದರು’ ಅಂತ ಬರೆದಿದ್ದೇನೆ. ಇಲ್ಲಿ ಕನ್ನಡಕ್ಕೆ ಯಾರ ಹಂಗೂ ಬೇಕಿಲ್ಲ.

ಈಗ ನನ್ನನ್ನು ಜಾಸ್ತಿ ಸತಾಯಿಸಿದ್ದು: ‘ಅರ್ನ್ಡ್ ರನ್’. ಪದಕ್ಕೆ ಪದ ಇಟ್ಟರೆ ‘ಗಳಿಸಿದ ರನ್’. ಆದರೆ ನಾವು ಯಾವ ರನ್ನಿಗೂ ಗಳಿಸಿದ ಅಂತಲೇ ಹೇಳುತ್ತೇವಲ್ಲ? ಅರ್ಥ ಬೇರೆಯೇ ಇದೆ. ಎದುರಾಳಿ ತಂಡದ ರನ್ನುಗಳಲ್ಲಿ ಎಸೆತಗಾರನ ಪಾಲಿನವು ಯಾವುವು, ಫೀಲ್ಡರುಗಳ ತಪ್ಪಿನಿಂದ ಬಂದವು ಯಾವುವು ಅಂತ ಬೇರೆ ಮಾಡುತ್ತಾರೆ. ಮೊದಲನೆಯವು ಮಾತ್ರ ಅರ್ನ್ಡ್ ರನ್. ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ ಅಂಥವು ಎಷ್ಟು ಎಂಬುದು ಎಸೆತಗಾರನ ಅಳತೆ. 1966ರಲ್ಲಿ ಕೋಫ್ಯಾಕ್ಸ್ ಸರಾಸರಿ 1.73. ಕಡಿಮೆ ಆದಷ್ಟೂ ಒಳ್ಳೆಯದು. ‘ಎಸೆತಗಾರನ ತಲೆಗೆ ಕಟ್ಟುವ ರನ್’ ಅಂದರೆ ಅರ್ಥ ಸರಿಯಾಗಿ ಬರುತ್ತದೆ, ಉದ್ದವಾಯಿತು ಅಷ್ಟೆ. ‘ಹೊಣೆ ರನ್’ ಅಂತ ಮೊಟಕು ಮಾಡಬಹುದಾ?

ಈ ಪದ ಇಲ್ಲದೆ 1965ರ ಸೆಪ್ಟೆಂಬರ್ 9ರ ಪಂದ್ಯ ಹೇಳಲು ಬರುವುದಿಲ್ಲ. ಅವತ್ತು ಶಿಕಾಗೊ ಕಬ್ಸ್ ತಂಡದವರು ಸಾಲಾಗಿ 27 ಸಲ ಬ್ಯಾಟ್ ಹಿಡಿದು ಬಂದರು, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. 14 ಸ್ಟ್ರೈಕೌಟ್. ಕೊನೆಯ ಆರು ಮಂದಿಯೂ ಹಾಗೆಯೇ ಔಟ್. ಇದನ್ನು ‘ಪರ್ಫೆಕ್ಟ್ ಗೇಮ್’ ಅನ್ನುತ್ತಾರೆ. ಆದರೆ ಎದುರಾಳಿ ಎಸೆತಗಾರ ಬಾಬ್ ಹೆಂಡ್ಲಿ ಕೂಡ ಅವತ್ತು ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ಸೇರುವುದು) ಕೊಟ್ಟರು. ಆ ಹಿಟ್‌ನಿಂದ ರನ್ ಬರಲೂ ಇಲ್ಲ. ಡಾಡ್ಜರ್ಸ್‌ನ ಲೂ ಜಾನ್ಸನ್ ಬಿಟ್ಟಿ ಬೇಸ್ ಪಡೆದು, ಎರಡನೆಯದಕ್ಕೆ ಸರಿದು, ಮೂರನೆಯದಕ್ಕೆ ಕದ್ದು ಓಡಿದಾಗ ಕಬ್ಸ್ ಕ್ಯಾಚರ್ ಚೆಂಡನ್ನು ಎತ್ತಲೋ ಎಸೆದ. ಜಾನ್ಸನ್ ‘ಮನೆ’, ಅಂದರೆ ಕೊನೆಯ ಬೇಸ್, ಸೇರಿದ, ಅದೇ ರನ್. ಪಂದ್ಯ 1-0. ಆ ರನ್ ಹೆಂಡ್ಲಿ ತಲೆಗೆ ಬರಲಿಲ್ಲ, ಸೋಲು ಮಾತ್ರ ಅವರ ಹೆಸರಿಗೇ ಬಂತು. ‘ಗಳಿಸದ ರನ್’ ಅಂತ ಬರೆದರೆ ಈ ಅನ್ಯಾಯ ಯಾರಿಗಾದರೂ ತಿಳಿಯುತ್ತದಾ?

‘ಪರ್ಫೆಕ್ಟ್ ಗೇಮ್’ ಅನ್ನು ಹಾಗೇ ಬಿಡುತ್ತೇನೆ. ‘ಪರಿಪೂರ್ಣ ಪಂದ್ಯ’ ಭಾಷಣದ ಹಾಗೆ ಕೇಳಿಸುತ್ತದೆ. ‘ವರ್ಲ್ಡ್ ಸೀರೀಸ್’ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ಕೂಡ ಹಾಗೇ ಇರಲಿ. ‘ವಿಶ್ವ’ ಸೇರಿಸಿದರೆ ವಿಶ್ವಕಪ್ ನೆನಪಾಗುತ್ತದೆ, ಅಲ್ಲಿ ದೇಶ ದೇಶಗಳು ಆಡುವುದಿಲ್ಲ.

1966ರಲ್ಲಿ 27 ಪಂದ್ಯ ಗೆದ್ದು, ನವೆಂಬರಿನಲ್ಲಿ ಕೋಫ್ಯಾಕ್ಸ್ ಆಟ ಬಿಟ್ಟರು. ಮೊಣಕೈಯಲ್ಲಿ ಸಂಧಿವಾತ. ವಯಸ್ಸು 30. ‘ನಿವೃತ್ತರಾದರು’ ಅಂದರೆ ಪಿಂಚಣಿ, ಹಾರ ತುರಾಯಿ ಕಣ್ಣಮುಂದೆ ಬರುತ್ತದೆ, ಅದಕ್ಕೇ ‘ಆಟ ಬಿಟ್ಟರು’.

ಕೊನೆಯದೊಂದು. ಅವರು ಎಸೆಯುತ್ತಿದ್ದದ್ದು ಎಡಗೈಯಲ್ಲಿ. ‘ಎಡಗೈ ಎಸೆತಗಾರ’ ಸರಿಯೇ, ಆದರೆ ಸಪ್ಪೆ. ನಮ್ಮ ಕಡೆ ‘ಎಡಚ’ ಅನ್ನುತ್ತೇವೆ. ಅದನ್ನು ಬರವಣಿಗೆಯಲ್ಲಿ ಗೌರವದಿಂದ ಬಳಸಬಹುದಾ, ಇಲ್ಲ ಹೀಯಾಳಿಸಿದಂತಾಗುತ್ತದಾ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಏನನ್ನುತ್ತೀರಿ, ದಯವಿಟ್ಟು ತಿಳಿಸಿ.