ಶುಗರ್, ಕಿಡ್ನಿ, ಕಣ್ಣು: ಡಾಕ್ಟರ್ ಮೇಡಮ್‌ಗೆ ಕೇಳ್ರಿ (ಕಲಬುರಗಿ ಗ್ರೂಪ್)

ಆಳಂದ: ಮೇಡಮ್ ನಮಸ್ಕಾರ್ರಿ. ನಮ್ಮಪ್ಪಗ 16 ವರ್ಷದಿಂದ ಶುಗರ್ ಅದ, ಗ್ಲಿಮಿಪಿರೈಡ್ ಗುಳಗಿ ತಗೋತಾರ. ಎರಡ್ ತಿಂಗಳಿಂದ ಅಮೃತಬಳ್ಳಿ ಕಷಾಯ ಕುಡಸ್ಲಾಕತ್ತೀವಿ, ಶುಗರ್ ತಾನೇ ಇಳದದ, ಇವತ್ತ ಮುಂಜಾನಿ 58. ಗುಳಗಿ ಬಿಡಿಸ್ಲೇನ್ರಿ? ಕಾಲ್ ಸ್ವಲ್ಪ ಬಾತಾವ ಅಷ್ಟೇ.

ಜೇವರ್ಗಿ: ಭಾಳ ಛಲೋ ಆಯ್ತು ಅಣ್ಣಾ, ಕಷಾಯ ಮಾಡೋದು ಹ್ಯಾಂಗ ಹಾಕ್ರಿ 🙏

ಡಾಕ್ಟರ್: ಯಾರೂ ಏನೂ ಹಾಕಬ್ಯಾಡ್ರಿ. ಆಳಂದದವರ, ಅಪ್ಪಾರು ಒಂದಕ್ಕ ಹೋದ್ರ ನೊರಿ ಬರ್ತದೇನು?

ಆಳಂದ: ಹೌದ್ರಿ, ಸೋಪಿನ ನೀರು ಚೆಲ್ಲಿದಂಗ. ಮುಂಜಾನಿ ಅಂಗಿ ಪೂರಾ ಬೆವರಿಗಿ ತೋಯ್ದಿತ್ತು, ನನಗ ನಮ್ ಕಾಕಾನ ಹೆಸರ್ಲೆ ಕರದ್ರು. ಸಕ್ರಿ ನೀರು ಕೊಟ್ವಿ.

ಯಾದಗಿರಿ: ಮೇಡಮ್ ಕಿಡ್ನಿದು ರಕ್ತ ಟೆಸ್ಟ್ ಮಾಡ್ಸಿದ್ವಿ, ಕ್ರಿಯಾಟಿನಿನ್ 1.1 ಅದ, ಮೂತ್ರ ಟೆಸ್ಟ್ ಬೇಕೇನ್ರಿ?

ಡಾಕ್ಟರ್: ಬೇಕು. ಕಿಡ್ನಿ ಕೆಡ್ಲಾಕತ್ತಿದ್ರೂ ಕ್ರಿಯಾಟಿನಿನ್ ಏರೋದು ತಡಾ. ವರ್ಷಕ್ಕೊಮ್ಮೆ ಎಸಿಆರ್ (ಮೂತ್ರದಾಗ ಪ್ರೋಟೀನ್ ಸೋರ್ತದೇನು ಅಂತ ನೋಡೋ ಟೆಸ್ಟ್) ಮಾಡಸ್ರಿ.

ಡಾಕ್ಟರ್: ಆಳಂದದವರ, ಇದು ಖುಷಿ ಪಡೋದಲ್ರಿ. ಕಿಡ್ನಿ ಸೋತ್ರೂ ಶುಗರ್ ಇಳೀತದ. ಮೈಯಾಗಿನ ಇನ್ಸುಲಿನ್ ಕರಗ್ಸೋದ್ರಾಗ ಕಿಡ್ನಿದೂ ಪಾಲು ಅದ, ಅದು ಕೈಬಿಟ್ರ ಇನ್ಸುಲಿನ್ನೂ ಈ ಗುಳಗಿನೂ ಒಳಗೇ ಉಳೀತಾವ, ಮ್ಯಾಲ ಊಟಾನೂ ಕಮ್ಮಿ ಆಗಿರ್ತದ, ಮನ್ಯಾಗ ಕಷಾಯ ಹತ್ತ್ಯಾದ ಅಂತ ತಿಳ್ಕೋತಾರ. ಇವತ್ತೇ ದವಾಖಾನಿಗೆ ಹೋಗ್ರಿ, ನಾಳಿ ಅಲ್ಲ. ಡಾಕ್ಟರ್ ನೋಡೋ ತನಕ ಮುಂದಿನ ಗ್ಲಿಮಿಪಿರೈಡ್ ಬ್ಯಾಡ. ಸಕ್ರಿ ಕೊಟ್ಟು ಏರಿದ್ರೂ ತಾಸೆರಡು ತಾಸಿಗೆ ಮತ್ತ ಇಳೀಬಹುದು, ಒಬ್ರನ್ನೇ ಬಿಡಬ್ಯಾಡ್ರಿ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಎಸಿಆರ್ ಬೇಕು. ಎಸಿಆರ್ 30ರ ಒಳಗಿರಬೇಕು, 300 ದಾಟಿದ್ರ ಪ್ರೋಟೀನ್ ಜೋರ್ ಸೋರ್ಲಾಕತ್ತದ ಅಂತ. ಮೊಣಕಾಲ್ ನೋವಿಗೆ ಏನರ ನುಂಗ್ತಾರೇನು?

ಆಳಂದ: ಮೆಡಿಕಲ್‌ನಾಗ ಡೈಕ್ಲೋಫೆನಾಕ್ ಕೊಡ್ತಾರ್ರಿ, ದಿನಾ.

ಡಾಕ್ಟರ್: ಬಂದ್ ಮಾಡ್ರಿ. ಕಣ್ಣಿಂದೂ ತೋರಸ್ರಿ, ಕಿಡ್ನಿದಾಗ ಕೆಡೋ ಸಣ್ಣ ರಕ್ತನಾಳನೇ ಕಣ್ಣಿನ ಪರದ್ಯಾಗೂ ಕೆಡ್ತಾವ.

ಸೇಡಂ: ನಂಗ ಛಂದ ಕಾಣಸ್ತದ, ಚಷ್ಮಾನೂ ಹೊಸಾದು. ಆದ್ರೂ ಕಣ್ಣಿಗಿ ಹನಿ ಹಾಕಿ ನೋಡ್ತಾರಂತ, ಯಾಕ್ರಿ?

ಡಾಕ್ಟರ್: ಚಷ್ಮಾ ನಂಬರ್ ಬ್ಯಾರೆ, ಪರದೆ ಬ್ಯಾರೆ. ಪರದೆ ಕೆಡೋವಾಗ ಮೊದಲಿಗಿ ಏನೂ ಗೊತ್ತಾಗಂಗಿಲ್ಲ. ಕರೀ ದಾರ ತೇಲಿದಂಗ ಕಾಣೋ ಹೊತ್ತಿಗಿ ಒಳಗ ರಕ್ತ ಸೋರಿರಬಹುದು.

ಶಹಾಬಾದ್: *ಫಾರ್ವರ್ಡ್* ಉಳ್ಳಾಗಡ್ಡಿ ರಸ + ಜೇನುತುಪ್ಪ ಕಣ್ಣಿಗಿ ಬಿಟ್ರ 21 ದಿನದಾಗ ಪರದೆ ಸ್ವಚ್ಛ!!

ಡಾಕ್ಟರ್: ಮೊದಲು ನಿಮ್ ಕಣ್ಣಿಗೇ ಬಿಟ್ಕೊಂಡು ಮತ್ತ ಟೈಪ್ ಮಾಡ್ರಿ ನೋಡೋಣ. ತಗೀರಿ ಅದನ್ನ.

ಶಹಾಬಾದ್: ಹಿರಿಯರು ಹೇಳಿದ್ದೆಲ್ಲಾ ಸುಳ್ಳೇನ್ರಿ? ಜ್ವಾಳದ ರೊಟ್ಟಿ ತಿಂದ್ ನಮ್ಮಜ್ಜ 90 ವರ್ಷ ಬಾಳ್ಯಾನ.

ಸೇಡಂ: ನಿಮ್ಮಜ್ಜ ಹೊಲ ಹೊಡೀತಿದ್ದ. ನೀವು ಕುಂತ್ ಆರ್ ರೊಟ್ಟಿ ಹೊಡೀತೀರಿ.

ಶಹಾಬಾದ್: ನಾಲಿಗಿ ಬಿಗಿ ಹಿಡಿ ತಮ್ಮಾ.

ಬೀದರ್: ನಮ್ ಅವ್ವಗ ಡಯಾಲಿಸಿಸ್ ನಡದದ, ಕಲ್ಲಂಗಡಿ ಕೊಡಬೋದೇನ್ರಿ?

ಚಿತ್ತಾಪುರ: ಮೇಡಮ್ ಕ್ರಿಯಾಟಿನಿನ್ 0.9, ಮೂತ್ರ ಟೆಸ್ಟ್ ಬೇಕಾ?

ಡಾಕ್ಟರ್: ಮ್ಯಾಲ ಓದ್ರಿ.

ಆಳಂದ: ಆಟೋ ಬಂತ್ರಿ. ಅಪ್ಪ ಕಷಾಯದ ಬಾಟ್ಲಿ ಬಿಡವಲ್ರು, ತರ್ಲೇನ್ರಿ?

ಡಾಕ್ಟರ್: ತಗೊಂಡ್ ಹೋಗ್ರಿ, ಕುಡಸ್ಲಾಕಲ್ಲ, ಡಾಕ್ಟರ್‌ಗೆ ತೋರಸ್ಲಾಕ. ಗುಳಗಿ ಪಾಕೀಟೂ ಒಯ್ರಿ, ಕಿಸೇದಾಗ ಸಕ್ರಿ ಇರ್ಲಿ.

ಬೀದರ್: ಮೇಡಮ್, ಕಲ್ಲಂಗಡಿ?